ಮೂರು ಗಂಟೆಯ ಊಟ

ಕೋಟೇಶ್ವರದ ಹೆದ್ದಾರಿ ಬದಿಯ ಹೋಟೆಲೊಂದರಲ್ಲಿ ಗುಣಪಾಲ ಸಪ್ಲೈಯರ್. ಮೀಸೆ ಮೂಡುವ ಮೊದಲೇ ಬೈಂದೂರಿನಿಂದ ಬಂದು ಸೇರಿದವನಿಗೆ ಈಗ ತಲೆ ಪೂರ್ತಿ ನರೆತಿದೆ. ಹಳೆಯ ಧನಿ ಭೋಜಣ್ಣ ತೀರಿಕೊಂಡ ಮೇಲೆ ಮಗ ಶೈಲೇಶ್ ಗಲ್ಲಾದಲ್ಲಿ ಕೂತ. ಅಂದಿನಿಂದ ಕೆಲಸದವರು ಒಬ್ಬೊಬ್ಬರಾಗಿ ಬಿಡತೊಡಗಿದರು.

ಕಾರಣ ಹುಡುಕಿಕೊಡಲು ಶೈಲೇಶ್ ಕರೆಸಿದ್ದರಿಂದ ಕುಂದಾಪುರದ ಶರಣ್ಯಾ ಬಂದಳು. ಆಡಳಿತ ನಿರ್ವಹಣೆಯಲ್ಲಿ ಸಂಶೋಧನೆ ಮಾಡುವ ಹುಡುಗಿ. ಮೊದಲು ಪ್ರಶ್ನೆಗಳ ಹಾಳೆ ಹಂಚಿದಳು. ಎಲ್ಲರೂ ‘ಸಂಬಳ ಸಾಲದು’ ಎಂಬಲ್ಲಿ ಗುರುತು ಹಾಕಿ ಕೊಟ್ಟರು. ಆದರೆ ಬಿಟ್ಟುಹೋದವರಲ್ಲಿ ಕೆಲವರು ಇನ್ನೂ ಕಡಿಮೆ ಸಂಬಳಕ್ಕೆ ಬೇರೆ ಕಡೆ ಸೇರಿದ್ದರು. ಅದು ಅವಳನ್ನು ಕೊರೆಯಿತು. ಹಾಳೆಗಳನ್ನು ಬದಿಗಿಟ್ಟು, ದಿನಾ ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತು, ಕಾಯಿ ತುರಿಯುತ್ತ ಅವರ ಮಾತು ಕೇಳತೊಡಗಿದಳು.

“ಹ್ವಾಯ್ ಗುಣಪಾಲಣ್ಣ, ನಿಮ್ಗ್ ಹೆಣ್ ಹುಡ್ಕುಕೆ ಬಂದದ್ದಾ ಇವ್ರ್?” ಎಂದು ಪಾತ್ರೆ ತೊಳೆಯುವ ಹುಡುಗ ಗುಡ್ಡ ಕಿಚಾಯಿಸಿದ.

“ನೀನ್ ಸೌಟ್ ತೊಳಿ ಮಾರಾಯ.”

ಹೆಸರು ಬರೆಯುವುದಿಲ್ಲ ಎಂದು ಶರಣ್ಯಾ ಮಾತು ಕೊಟ್ಟ ಮೇಲೆ ಗುಣಪಾಲ ಒಂದು ದಿನ ಬಾಯಿಬಿಟ್ಟ.

“ಅಪ್ಪಯ್ಯ ಬದ್ಕಿಪ್ಪತಿಗೆ ಮೂರ್ ಗಂಟೆಗೆ ಇದೇ ಬೆಂಚಲ್ ಕೂಕಂಡ್ ನಮ್ಮೊಟ್ಟಿಗೆ ಉಂತಿದ್ರ್. ನಮ್ಗೆಲ್ಲ ಬಡ್ಸಿ ಕಡಿಗೆ ಅವ್ರ್ ಬಡ್ಸ್ಕಂತಿದ್ರ್. ಈಗ ನಾವ್ ಉಂಬುದ್ ಕಾಂಬುಕೆ ಮೇಲೊಂದ್ ಕ್ಯಾಮೆರಾ. ಅನ್ನ ಗಂಟ್ಲಲ್ ಇಳಿತಿಲ್ಲೆ, ತಂಗಿ.”

ಶರಣ್ಯಾ ಹೆಸರು ಬಿಟ್ಟಳು. ಮಾತನ್ನು ಮಾತ್ರ ಅವನು ಆಡಿದ ಹಾಗೆಯೇ ವರದಿಯಲ್ಲಿ ಬರೆದಳು. ಅಲ್ಲೇ ಎಡವಿದಳು. ಭೋಜಣ್ಣನನ್ನು ‘ಅಪ್ಪಯ್ಯ’ ಎಂದು ಕರೆಯುತ್ತಿದ್ದ ಕೆಲಸದವನು ಆ ಹೋಟೆಲಿನಲ್ಲಿ ಗುಣಪಾಲ ಒಬ್ಬನೇ.

ವರದಿ ಓದಿದ ಶೈಲೇಶ್ ಅವನನ್ನು ಕೋಣೆಗೆ ಕರೆದ. ಈ ವಯಸ್ಸಿನಲ್ಲಿ ಇನ್ನೆಲ್ಲಿ ಕೆಲಸ ಕೇಳುವುದು ಎಂದುಕೊಳ್ಳುತ್ತ ಗುಣಪಾಲ ಒಳಗೆ ಹೋದ. ಆದರೆ ಶೈಲೇಶ್ ಬೈಯಲಿಲ್ಲ.

“ಅಪ್ಪಯ್ಯ ಮನೆಯಲ್ ನಮ್ಮೊಟ್ಟಿಗೆ ಮಧ್ಯಾಹ್ನ ಉಂಡದ್ದೇ ನೆನ್ಪಿಲ್ಲೆ, ಗುಣಪಾಲಣ್ಣ. ರಾತ್ರಿಗೂ ಹಸಿವಿಲ್ಲೆ ಅಂತಿದ್ರ್.” ಆಮೇಲೆ ಕೇಳಿದ, “ಇಲ್ಲ್ ಉಂಬತಿಗೆ ನನ್ ವಿಷ್ಯ ಎಂತಾರೂ ಹೇಳ್ತಿದ್ರಾ?”

ಗುಣಪಾಲ ನಿಜವಾಗಿಯೂ ನೆನಪು ಮಾಡಿಕೊಂಡ. ಭೋಜಣ್ಣ ಗುಡ್ಡನ ತಾಯಿಯ ಕಾಲುನೋವು ವಿಚಾರಿಸುತ್ತಿದ್ದರು. ಸಾರಿಗೆ ಉಪ್ಪು ಸಾಲದು ಎನ್ನುತ್ತಿದ್ದರು. ಎಷ್ಟೋ ದಿನ ಸುಮ್ಮನೆ ಉಂಡು ಏಳುತ್ತಿದ್ದರು. ಮಗನ ಹೆಸರು ಎಲ್ಲೂ ಸಿಗಲಿಲ್ಲ.

“ಇಲ್ಲೆ, ಧನಿ,” ಎಂದುಬಿಟ್ಟ.

ಶೈಲೇಶ್ ತಲೆಯಾಡಿಸಿದ. “ಕ್ಯಾಮೆರಾ ತೆಗ್ಸ್ತೆ. ನಿಮ್ ಕೆಲ್ಸಕ್ಕೆ ಎಂತ ಆತಿಲ್ಲೆ. ಹೋಯ್ನಿ.” ಹೇಳಿ ಕಿಟಕಿಯ ಕಡೆ ತಿರುಗಿ ಕೂತ. ಗುಣಪಾಲ ಹೊರಬಂದು ಬಾಗಿಲು ಎಳೆದುಕೊಳ್ಳುವಾಗಲೂ ಅವನು ಈಚೆ ತಿರುಗಿರಲಿಲ್ಲ.

ವಿಷಯ ಗೊತ್ತಾಗಿ ಮರುದಿನ ಶರಣ್ಯಾ ಬಂದಳು. ತನ್ನಿಂದ ತಪ್ಪಾಯಿತು, ಕ್ಷಮಿಸಿ ಎಂದಳು. ಅವಳ ಕಣ್ಣು ತುಂಬಿತ್ತು.

“ನೀವ್ ಕೂಕಂಡ್ ಕೇಂಡದ್ದ್ ಸಮ, ಬರ್ದದ್ದೂ ಸಮ,” ಎಂದ ಗುಣಪಾಲ, ಟೇಬಲ್ ಒರೆಸುತ್ತ. “ಅಷ್ಟ್ ದಿನ ನಿಮ್ಮತ್ರ ಇದ್ದದ್ದ್ ಇದ್ದಂಗೇ ಹೇಳಿ ಅದೇ ಅಭ್ಯಾಸ ಆಯ್ತ್ ಕಾಣಿ. ಅಪ್ಪಯ್ಯನ್ ಮಾಣಿಗ್ ಮಾತ್ರ ಒಂದ್ ಸುಳ್ ಹೇಳ್ಬೇಕಿತ್ತ್.”