ಹುಳ ಹಣ್ಣಾದ ಮಂಗಳವಾರ

ನನ್ನ ಮಗಳ ಕಿಬ್ಬೊಟ್ಟೆಯ ಮೇಲೆ ಅಡ್ಡಕ್ಕೆ ಒಂದು ಗಾಯದ ಗುರುತಿದೆ. ಆ ಗಾಯದಿಂದ ಹೊರಬಂದ ಮೊಮ್ಮಗಳಿಗೆ ಈಗ ಎರಡು ವರ್ಷ ತುಂಬಿದೆ. ನಿಂತಲ್ಲಿ ನಿಲ್ಲುವುದಿಲ್ಲ, ಬಾಯಿ ಬಿಟ್ಟರೆ ಮುಚ್ಚುವುದಿಲ್ಲ. ಎಲ್ಲ ಸರಿಹೋಯಿತಲ್ಲ, ಇನ್ನೇನು ಕೊರಗು ಎಂದು ಯಾರಾದರೂ ನನ್ನನ್ನು ಕೇಳಬಹುದಿತ್ತು. ಯಾರೂ ಕೇಳಲಿಲ್ಲ, ಏಕೆಂದರೆ ನಾನು ಯಾರಿಗೂ ಹೇಳಿರಲಿಲ್ಲ.

ನಮ್ಮದು ಚನ್ನಪಟ್ಟಣ ತಾಲ್ಲೂಕು, ಅಕ್ಕೂರಿನ ಕಡೆ. ರೇಷ್ಮೆ ಬೆಳೆಯುವ ಮನೆ. ನಾನು ಪ್ರೈಮರಿ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದವಳು. ಗ್ರಹಣದ ದಿನ ಮಕ್ಕಳನ್ನು ಅಂಗಳಕ್ಕೆ ಕರೆತಂದು, ಹೆದರುವಂಥದ್ದು ಏನೂ ಇಲ್ಲ ನೋಡಿ ಎಂದು ತೋರಿಸಿದವಳು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ನಾನು ಮಾಡಿದ ಕೆಲಸಕ್ಕೆ ತಿಳಿವಳಿಕೆ ಇರಲಿಲ್ಲ ಎಂಬ ನೆಪವೂ ನನಗಿಲ್ಲ ಎಂಬುದು ಗೊತ್ತಿರಲಿ ಎಂದು ಹೇಳುತ್ತಿದ್ದೇನೆ.

ಮಗಳನ್ನು ಮಾಗಡಿಯ ತಿಪ್ಪಸಂದ್ರದ ಕಡೆ ಕೊಟ್ಟಿದ್ದೆವು. ಚೊಚ್ಚಲ ಹೆರಿಗೆ ತವರಿನದು ಎಂದು ಸೀಮಂತ ಮುಗಿಸಿ ಕರೆದುಕೊಂಡು ಬಂದೆವು. ದಿನ ತುಂಬಿ ನಾಲ್ಕು ದಿನವಾದರೂ ನೋವಿನ ಸುಳಿವಿರಲಿಲ್ಲ. ಶುಕ್ರವಾರ ರಾಮನಗರದ ಡಾಕ್ಟರಮ್ಮನ ಹತ್ತಿರ ಹೋದೆವು. ಆಕೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು.

"ನೋವು ತಾನಾಗಿ ಬರಲಿಲ್ಲ ಅಂದ್ರೆ ನಾವು ಬರಿಸ್ತೀವಿ. ಮೊದಲು ಗರ್ಭಕೋಶದ ಬಾಯಿ ಮೆತ್ತಗಾಗೋಕೆ ಒಳಗಡೆ ಒಂದು ಮಾತ್ರೆ ಇಡ್ತೀವಿ. ಕೆಲವರಿಗೆ ಅರ್ಧ ದಿನ ಸಾಕು, ಕೆಲವರಿಗೆ ಒಂದೂವರೆ ದಿನಾನೂ ಹಿಡಿಯುತ್ತೆ. ಬೇಕಾದ್ರೆ ನೀರು ಒಡೆದು ಡ್ರಿಪ್ ಹಾಕ್ತೀವಿ. ಡ್ರಿಪ್ ನೋವು ಒಂದೇ ಸಲ ಜೋರಾಗಿ ಬರುತ್ತೆ, ಗಾಬರಿ ಬೇಡ. ಮಗು ಎದೆಬಡಿತ ನೋಡ್ತಾನೇ ಇರ್ತೀವಿ. ಅದಕ್ಕೆ ಕಷ್ಟ ಆಗ್ತಿದೆ ಅನ್ನಿಸಿದ್ರೆ ಮಾತ್ರ ಆಪರೇಷನ್."

ಮಗಳು ರಕ್ತ ಕೊಡಲು ಪಕ್ಕದ ಕೋಣೆಗೆ ಹೋದಳು. ಆಗ ಡಾಕ್ಟರಮ್ಮ ಕಾರ್ಡಿನ ಮೇಲೆ ಬರೆದು ನನ್ನ ಕೈಗೆ ಕೊಟ್ಟರು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಬನ್ನಿ, ಅದಕ್ಕಿಂತ ಆಚೆ ಬೇಡ ಎಂದರು.

ಸೋಮವಾರ ಎಂದ ಕೂಡಲೇ ನನ್ನ ತಲೆಯಲ್ಲಿ ಓಡಿದ್ದು ಮಗುವಲ್ಲ, ಹುಳ. ನಾಲ್ಕನೇ ಜ್ವರ, ಅಂದರೆ ಹುಳ ಕೊನೆಯ ಸಲ ಪೊರೆ ಬಿಡುವ ಹೊತ್ತು, ಮುಗಿದು ಐದು ದಿನವಾಗಿತ್ತು. ರಾಶಿ ರಾಶಿ ಸೊಪ್ಪು ಮೇಯುತ್ತಿದ್ದವು. ಸೋಮವಾರ ಇಲ್ಲವೇ ಮಂಗಳವಾರ ಮೇವು ಬಿಟ್ಟು ಹಣ್ಣಾಗುತ್ತವೆ. ಹಣ್ಣಾದ ಹುಳವನ್ನು ಆ ದಿನವೇ ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ಬಿಡದಿದ್ದರೆ ಸಿಕ್ಕಸಿಕ್ಕಲ್ಲಿ ನೂಲು ಸುತ್ತಿ ಹಾಳಾಗುತ್ತವೆ. ಬೆಳಿಗ್ಗೆಯೇ ನಮ್ಮತ್ತೆ, ಎಂಬತ್ತು ದಾಟಿದ ಮುದುಕಿ, ಜಗುಲಿಯಿಂದಲೇ ಎಚ್ಚರಿಸಿದ್ದರು.

"ಮಗ ಹುಟ್ಟುದ್ರೆ ನಮ್ಗೂ ಮೂರು ದಿನ ಪುರುಡು ಕಣೆ. ಪುರುಡಲ್ಲಿ ಹುಳಿನ್ ಮನೇಗೆ ಯಾರೂ ಕಾಲಿಕ್ಕಂಗಿಲ್ಲ. ಒಸಿ ತಡೀರಿ, ಹುಳ ಚಂದ್ರಿಕೆ ಹತ್ಲಿ."

ಹೆರಿಗೆಯ ಮೈಲಿಗೆ ತಾಗಿದರೆ ಹುಳಕ್ಕೆ ರೋಗ ಬರುತ್ತದೆ ಎಂದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನಂಬುತ್ತಾರೆ. ನಾನು ನಂಬಿರಲಿಲ್ಲ. ನಂಬದೆಯೇ ಪಾಲಿಸಿದೆ. ಅತ್ತೆಯ ಜೊತೆ ಜಗಳ ಬೇಡ, ಆಮೇಲೆ ಬೆಳೆ ಕೆಟ್ಟರೆ ಅದನ್ನು ನನ್ನ ಮಗಳ ತಲೆಗೆ ಕಟ್ಟುತ್ತಾರೆ, ಎರಡು ದಿನದಲ್ಲಿ ಆಗಿಹೋಗುವುದೇನು ಎಂದೆಲ್ಲ ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ರಕ್ತ ಕೊಟ್ಟು ಬಂದ ಮಗಳು, "ಯಾವತ್ತು ಬರ್ಬೇಕಂತಮ್ಮ?" ಎಂದು ಕೇಳಿದಾಗ ನನ್ನ ನಾಲಿಗೆ ತಡವರಿಸಲಿಲ್ಲ.

"ಬುಧವಾರ" ಎಂದೆ.

ಸೋಮವಾರ ಆಸ್ಪತ್ರೆಯಿಂದ ಸಿಸ್ಟರ್ ಫೋನ್ ಮಾಡಿ, ಯಾಕೆ ಬರಲಿಲ್ಲ ಎಂದು ವಿಚಾರಿಸಿದರು. ಹಿತ್ತಲಿಗೆ ಹೋಗಿ ದನಿ ತಗ್ಗಿಸಿ, ಮಗಳಿಗೆ ನೆಗಡಿ ಕೆಮ್ಮು, ಬುಧವಾರ ಕರೆತರುತ್ತೇವೆ ಎಂದೆ. ಮಗು ಆಡುವುದು ಕಡಿಮೆಯಾದರೆ ಮಾತ್ರ ಕಾಯಬೇಡಿ, ಆ ಕ್ಷಣವೇ ಬನ್ನಿ ಎಂದು ಆಕೆ ಎರಡೆರಡು ಸಲ ಹೇಳಿದರು. ಹೂಂ ಎಂದೆ.

ಮಂಗಳವಾರ ಹುಳ ಹಣ್ಣಾದವು. ಮೈಯೆಲ್ಲ ಹಳದಿ ತಿರುಗಿ, ತಲೆ ಎತ್ತಿ ಆಡಿಸತೊಡಗಿದವು. ನನ್ನ ಗಂಡ, ನಾನು, ಪಕ್ಕದ ಮನೆಯ ಇಬ್ಬರು ಹೆಂಗಸರು ಬೆಳಿಗ್ಗೆಯಿಂದ ಆಯುತ್ತಿದ್ದೆವು. ಬೇಡವೆಂದರೂ ಕೇಳದೆ ಮಗಳೂ ಗೋಡೆಗೊರಗಿ ಕಾಲು ಚಾಚಿ ಕೂತು, ಮೊರದ ಅಂಚನ್ನು ಹೊಟ್ಟೆಗೆ ಆನಿಸಿಕೊಂಡು ಆಯತೊಡಗಿದಳು. ಚಿಕ್ಕಂದಿನಿಂದ ಮಾಡಿದ ಕೆಲಸ, ಅವಳ ಕೈ ನಮ್ಮೆಲ್ಲರಿಗಿಂತ ಚುರುಕು. ಮಧ್ಯಾಹ್ನದ ಹೊತ್ತಿಗೆ ಅವಳ ಕೈ ನಿಂತಿತು.

"ಅಮ್ಮ, ಬೆಳಿಗ್ಗೆಯಿಂದ ಯಾಕೋ ಒಸಿ ಕಮ್ಮಿ ಆಡ್ತೈತೆ ಕಣಮ್ಮ" ಎಂದಳು.

ನನ್ನ ಬೊಗಸೆ ತುಂಬ ಹುಳವಿತ್ತು. ಅದನ್ನು ಕೆಳಗಿಡಲಿಲ್ಲ. ಇವತ್ತಿಗೂ ನನ್ನನ್ನು ಸುಡುವುದು ಇದು. ಸುಳ್ಳು ಹೇಳಿದ್ದಕ್ಕಿಂತ, ಫೋನಿನಲ್ಲಿ ನಾಟಕ ಆಡಿದ್ದಕ್ಕಿಂತ, ಆ ಹುಳವನ್ನು ಕೆಳಗಿಡದೆ ಮಾತನಾಡಿದ್ದು.

"ಏನೂ ಆಗಕಿಲ್ಲ ಕಣವ್ವ. ಮಲಗಿರ್ತದೆ. ಒಸಿ ಬೆಲ್ಲದ ಪಾನಕ ಕುಡ್ದು ಎಡಮಗ್ಗುಲಿಗೆ ಮಲಿಕೋ ಹೋಗು."

ಕುಡಿದು ಮಲಗಿದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ, "ಆಡ್ತಮ್ಮ, ಎರಡು ಸಲ" ಎಂದು ಕೂಗಿದಳು. ಎರಡು ಸಲ ಸಾಕೇ ಎಂದು ನಾನು ಕೇಳಲಿಲ್ಲ, ಆಸ್ಪತ್ರೆಗೆ ಫೋನನ್ನೂ ಮಾಡಲಿಲ್ಲ. ಸಂಜೆಯೊಳಗೆ ಹುಳವೆಲ್ಲ ಚಂದ್ರಿಕೆ ಹತ್ತಿದವು. ಅತ್ತೆ ಖುಷಿಯಾಗಿ ಎಲೆಅಡಿಕೆ ಹಾಕಿಕೊಂಡರು.

ಬುಧವಾರ ಬೆಳಿಗ್ಗೆ ಕಾರಿನಲ್ಲಿ ಹೊರಟೆವು. ಕೆಂಗಲ್ ಬಂದಾಗ ನನ್ನ ಗಂಡ ಸ್ಟಿಯರಿಂಗ್‌ನಿಂದ ಒಂದು ಕೈ ತೆಗೆದು ಆಂಜನೇಯನಿಗೆ ನಮಸ್ಕರಿಸಿದರು, ಮಗಳೂ ಕೈಮುಗಿದಳು. ನನಗೆ ಕೈ ಎತ್ತಲು ನಾಚಿಕೆಯಾಯಿತು. ಯಾವ ಮುಖ ಇಟ್ಟುಕೊಂಡು ಏನೆಂದು ಬೇಡಲಿ?

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೇಳಿದ್ದೆಲ್ಲ ಅದೇ ಕ್ರಮದಲ್ಲಿ ನಡೆಯಿತು. ಹಿಂದಿನ ದಿನ ಮಗು ಕಡಿಮೆ ಆಡಿದ್ದನ್ನು ಮಗಳೇ ಅವರಿಗೆ ಹೇಳಿದಳು. ಹೊಟ್ಟೆಗೆ ಬೆಲ್ಟು ಕಟ್ಟಿ ಎದೆಬಡಿತ ನೋಡಿದರು, ಮಾತ್ರೆ ಇಟ್ಟರು, ಅಡ್ಡಾಡಲು ಹೇಳಿದರು. ಕಾರಿಡಾರಿನಲ್ಲಿ ಮಗಳು ನನ್ನ ಭುಜ ಹಿಡಿದುಕೊಂಡು ಹತ್ತಾರು ಸಲ ನಡೆದಳು. ಮೊದಮೊದಲು ಮುಟ್ಟಿನ ನೋವಿನ ಹಾಗಿದೆ ಎನ್ನುತ್ತಿದ್ದವಳು ಆಮೇಲಾಮೇಲೆ ಮಾತು ನಿಲ್ಲಿಸಿ, ನೋವು ಬಂದಾಗಲೆಲ್ಲ ನನ್ನ ಭುಜ ಹಿಂಡುತ್ತಿದ್ದಳು. ಮೂರು ಗಂಟೆಗೆ ನೀರು ಒಡೆದರು. ಸಿಸ್ಟರ್ ಹೊರಗೆ ಬಂದು, ನೀರು ಹಸಿರಾಗಿದೆ, ಮಗು ಒಳಗೇ ಕಕ್ಕ ಮಾಡಿಕೊಂಡಿದೆ ಎಂದರು. ಸ್ವಲ್ಪ ಹೊತ್ತಿಗೆ ಎದೆಬಡಿತ ಇಳಿಯತೊಡಗಿತು. ಇನ್ನು ಕಾಯುವುದಿಲ್ಲ ಎಂದು ಆಪರೇಷನ್ ಕೋಣೆಗೆ ಒಯ್ದರು. ಬಾಗಿಲು ಮುಚ್ಚುವಾಗ ಮಗಳು ತಲೆ ತಿರುಗಿಸಿ ನನ್ನನ್ನೇ ನೋಡಿದಳು.

ಮಗು ಹುಟ್ಟಿದ ತಕ್ಷಣ ಅಳಲಿಲ್ಲ. ಎಷ್ಟು ನಿಮಿಷವೋ ತಿಳಿಯದು, ಬಾಗಿಲ ಹೊರಗೆ ನಿಂತವಳಿಗೆ ಲೆಕ್ಕ ಸಿಗುವುದಿಲ್ಲ. ಅತ್ತಾಗಲೂ ಸಣ್ಣ ದನಿ. ಒಂದೂವರೆ ದಿನ ಗಾಜಿನ ಪೆಟ್ಟಿಗೆಯಲ್ಲಿ ಮೂಗಿಗೆ ನಳಿಗೆ ಹಾಕಿ ಇಟ್ಟರು. ಅದೇ ಹೊತ್ತಿಗೆ ಮನೆಯಲ್ಲಿ ಹುಳ ಗೂಡು ಕಟ್ಟಿ ಮುಗಿಸುತ್ತಿದ್ದವು. ಬೆಳೆ ಎಂದೂ ಬಾರದಷ್ಟು ಚೆನ್ನಾಗಿ ಬಂತು. ನನಗೆ ಆ ಗೂಡನ್ನು ಮುಟ್ಟಲು ಮನಸ್ಸಾಗಲಿಲ್ಲ.

ಡಿಸ್ಚಾರ್ಜಿನ ದಿನ ಡಾಕ್ಟರಮ್ಮನನ್ನು ಒಬ್ಬಳೇ ಕಂಡು, ಸೋಮವಾರವೇ ಬಂದಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು ಕೇಳಿದೆ. ಆಕೆ ನನ್ನನ್ನು ಬಯ್ಯಬಹುದಿತ್ತು. "ಹಾಗಂತ ಹೇಳೋಕಾಗಲ್ಲಮ್ಮ. ಸೋಮವಾರ ಬಂದಿದ್ರೂ ಆಗಬಹುದಿತ್ತು. ಆದ್ರೆ ಮಗು ಕಡಿಮೆ ಆಡಿದ ದಿನ ನೀವು ಬರಲೇಬೇಕಿತ್ತು" ಎಂದಷ್ಟೇ ಹೇಳಿದರು. ಮೊದಲ ಮಾತು ಹಿಡಿದುಕೊಂಡು ಸಮಾಧಾನ ಮಾಡಿಕೊಳ್ಳಲು ನೋಡಿದೆ, ಎರಡನೆಯದು ಬಿಡಲಿಲ್ಲ.

ಬಾಣಂತನ ಮುಗಿಯುವವರೆಗೂ ಮಗಳು ಬಂದವರ ಎದುರೆಲ್ಲ ಅಮ್ಮ ಇದ್ದದ್ದಕ್ಕೆ ಬದುಕಿದೆವು ಎನ್ನುತ್ತಿದ್ದಳು. ಆಗೆಲ್ಲ ನಾನು ಒಲೆ ಮೇಲೆ ಏನೋ ಇದೆ ಎಂದು ಎದ್ದುಹೋಗುತ್ತಿದ್ದೆ.

ಹೋದ ವಾರ ಅವಳ ಫೋನ್ ಬಂತು. ಈಗ ಮತ್ತೆ ಬಸುರಿ, ಈ ಸಲದ ಹೆರಿಗೆ ಗಂಡನ ಮನೆಯ ಕಡೆ.

"ಅಮ್ಮ, ಈ ಸಲಾನೂ ಆಪರೇಷನ್ನೇ ಅಂತೆ. ಡಾಕ್ಟ್ರು ಒಂದು ಡೇಟ್ ಕೊಟ್ಟವ್ರೆ. ಬೇಕಾದ್ರೆ ಎರಡು ದಿನ ಆಚೆಗೂ ಇಟ್ಕೊಬೋದಂತೆ. ನೀನು ಬರ್ಬೇಕಲ್ಲ, ನಿಮ್ಮಲ್ಲಿ ಹುಳ ಯಾವಾಗ ಹಣ್ಣಾಗ್ತವೆ ಹೇಳು, ನೋಡ್ಕಂಡು ಹೇಳ್ತೀನಿ."

ಎರಡು ವರ್ಷ ಬಾಯಲ್ಲೇ ಇಟ್ಟುಕೊಂಡದ್ದನ್ನು ಅಲ್ಲೇ ಉಗುಳಿಬಿಟ್ಟೆ. ಕಾರ್ಡಿನಲ್ಲಿ ಸೋಮವಾರ ಎಂದು ಬರೆದಿದ್ದು, ಹುಳಕ್ಕಾಗಿ ಬುಧವಾರ ಎಂದದ್ದು, ನೆಗಡಿ ಕೆಮ್ಮಿನ ಸುಳ್ಳು, ಎಲ್ಲ ಹೇಳಿದೆ.

"ಗೊತ್ತಮ್ಮ" ಎಂದಳು ಕೊನೆಗೆ. "ಅವತ್ತು ಶುಕ್ರವಾರ ಮನೇಗೆ ಬಂದ್ಮೇಲೇನೇ ನಿನ್ ಬ್ಯಾಗಲ್ಲಿ ಕಾರ್ಡ್ ನೋಡಿದ್ದೆ."

"ಮತ್ಯಾಕವ್ವ ಸುಮ್ಕಿದ್ದೆ?"

"ಹುಳ ಇದ್ವಲ್ಲಮ್ಮ."

ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ದನಿಯಲ್ಲಿ ಒಂದಿಷ್ಟೂ ಕೋಪವಿರಲಿಲ್ಲ. ಡಾಕ್ಟರು ಮೊದಲು ಹೇಳಿದ ದಿನವೇ ಇರಲಿ, ಹುಳ ಹಣ್ಣಾಗಲಿ ಕೊಳೆಯಲಿ, ನಾನು ಹಿಂದಿನ ದಿನವೇ ಬಂದು ಕೂರುತ್ತೇನೆ ಎಂದೆ. ಆಮೇಲೆ ನನ್ನ ಮಗಳು, ಒಂದು ಮಗುವಿನ ತಾಯಿ, ದನಿ ತಗ್ಗಿಸಿ ಕೇಳಿದಳು.

"ಅಜ್ಜಿ ಬಯ್ಯಕಿಲ್ವೇನಮ್ಮ?"