ಗಾರ್ಡನ್ ಕೊಟ್ಟ ಪ್ಯಾಂಟು

ಮೂರನೆಯ ಮಹಡಿಯಿಂದ ಪುಟ್ಟ ಫ್ರಿಜ್ಜೊಂದನ್ನು ತಬ್ಬಿಕೊಂಡು ಇಳಿಯುತ್ತಿದ್ದ ಆರ್ಲೆನ್ ಸ್ವೆನ್ಸನ್, ಮೆಟ್ಟಿಲ ತಿರುವಿನಲ್ಲಿ ಅದನ್ನು ತುಸು ವಾಲಿಸಿದ. ಅಷ್ಟೇ. ಒಳಗೆ ಕರಗಿ ನಿಂತಿದ್ದ ಮಂಜುಗಡ್ಡೆಯ ನೀರು, ಯಾವುದೋ ಬಾಟಲಿಯ ಸೌತೆಕಾಯಿ ಉಪ್ಪಿನಕಾಯಿ ರಸವನ್ನೂ ಜೊತೆಗೆ ಕರೆದುಕೊಂಡು, ಬಾಗಿಲ ಸಂದಿಯಿಂದ ಹೊರಟು ಅವನ ಬೆಲ್ಟಿನೊಳಗೆ ಇಳಿಯಿತು. ಹಾಸಿಗೆ, ದೀಪ, ಗಿಟಾರು ಹೊತ್ತು ಮೆಟ್ಟಿಲ ಮೇಲೆ ಸಾಲುಗಟ್ಟಿದ್ದ ಅಪ್ಪ ಅಮ್ಮಂದಿರು ಮೊದಲು ಅವನ ಪ್ಯಾಂಟು ನೋಡಿದರು, ಆಮೇಲೆ ಬಹಳ ಸಭ್ಯವಾಗಿ ಗೋಡೆ ನೋಡಿದರು. ಮಿನ್ನೆಸೋಟದ ಜನ ಹಾಗೆಯೇ.

ಬೇಸಿಗೆ ರಜೆಗೆ ಹಾಸ್ಟೆಲು ಖಾಲಿ ಮಾಡುವ ಹಿಂದಿನ ದಿನವೇ ಫ್ರಿಜ್ಜಿನ ಪ್ಲಗ್ಗು ಕಿತ್ತು ಒಣಗಿಸಬೇಕು. ಮಗಳು ಬ್ರಿಟಾ ಪರೀಕ್ಷೆಯ ಗಡಿಬಿಡಿಯಲ್ಲಿ ಅಂದು ಬೆಳಿಗ್ಗೆಯಷ್ಟೇ ಕಿತ್ತಿದ್ದಳು.

“ನಿನ್ನೇನೇ ಕೀಳು ಅಂತ ಗಾರ್ಡನ್ ಹೇಳಿದ್ರಪ್ಪಾ. ನಾನೇ ಮರೆತುಬಿಟ್ಟೆ,” ಎಂದಳು.

ತಪ್ಪೊಪ್ಪಿಕೊಂಡಿದ್ದು ಮಗಳು, ಚುಚ್ಚಿದ್ದು ಆ ಹೆಸರು. ಆರ್ಲೆನ್‌ನ ಮೈಮೇಲೆ ಐಸ್ ನೀರು, ಹೊಟ್ಟೆಯೊಳಗೆ ಕಿಚ್ಚು. ಒಂದು ಇನ್ನೊಂದನ್ನು ಆರಿಸಲಿಲ್ಲ.

ಗಾರ್ಡನ್ ಎಂದರೆ ಬ್ರಿಟಾಳ ಜೊತೆ ಒಂದೇ ಕೋಣೆಯಲ್ಲಿದ್ದ, ಅವಳಿಗಿಂತ ಎರಡು ವರ್ಷ ಹಿರಿಯಳಾದ ಟೆಸ್ ಎಂಬ ಹುಡುಗಿಯ ಅಪ್ಪ. ಉತ್ತರದ ಕಡೆ ಒಂದು ಸರೋವರದ ದಡದಲ್ಲಿ ಅವನಿಗೆ ಬಾಡಿಗೆ ಕುಟೀರಗಳಿದ್ದವು. ವರ್ಷವಿಡೀ ಭಾನುವಾರದ ಫೋನಿನಲ್ಲಿ ಬ್ರಿಟಾ ಮೊದಲು ಮನೆಯ ನಾಯಿ ವಾಫಲ್ ಹೇಗಿದ್ದಾಳೆ ಎಂದು ಕೇಳುವಳು, ಆಮೇಲೆ ಹಿಮ ಎಷ್ಟು ಬಿತ್ತು ಎಂದು, ಆಮೇಲೆ ಶುರು ಗಾರ್ಡನ್ ಪುರಾಣ. ಮಂಚವನ್ನು ಎತ್ತರಿಸಿ ಕೆಳಗೆ ಮೇಜು ಹಿಡಿಸಿದ್ದು ಗಾರ್ಡನ್. ಗಡಗಡ ಎನ್ನುತ್ತಿದ್ದ ಕಿಟಕಿಯ ಬಾಯಿ ಮುಚ್ಚಿಸಿದ್ದು ಗಾರ್ಡನ್.

ಆರ್ಲೆನ್‌ಗೂ ಮಂಚ ಕಟ್ಟಲು ಬರುತ್ತಿತ್ತು. ಆದರೆ ಇಪ್ಪತ್ತು ವರ್ಷದಿಂದ ಅವನು ತನ್ನ ಊರಿನ ಹಳದಿ ಶಾಲಾ ಬಸ್ಸಿನ ಚಾಲಕ. ಮೂಗಿನೊಳಗಿನ ಕೂದಲೂ ಹೆಪ್ಪುಗಟ್ಟುವ ಚಳಿಯಲ್ಲಿ ಯಾರ ಯಾರದೋ ಮಕ್ಕಳನ್ನು ಗಂಟೆ ಹೊಡೆಯುವ ಮೊದಲು ಮುಟ್ಟಿಸಿದವನಿಗೆ ಸ್ವಂತ ಮಗಳನ್ನು ಕಾಲೇಜಿಗೆ ಬಿಡುವ ದಿನ ಬಸ್ಸು ಬಿಟ್ಟು ಬರಲಾಗಲಿಲ್ಲ. ಹೆಂಡತಿ ಬಂದಳು, ಮಂಚವನ್ನು ಗಾರ್ಡನ್ ಕಟ್ಟಿದ.

ಈಗ ಅದೇ ಗಾರ್ಡನ್ ಕೆಳಗೆ ನಿಂತಿದ್ದ. ಹೆಸರಿಗೆ ತಕ್ಕ ಹಾಗೆ ಗಡ್ಡವೂ ಕತ್ತರಿಸಿಟ್ಟ ಬೇಲಿಯಂತೆ. ತಳ್ಳುಗಾಡಿ, ಹಗ್ಗ, ಟಾರ್ಪಾಲು, ಎಲ್ಲರಿಗೂ ಕಾಫಿ, ಟ್ರಕ್ಕಿನ ಹಿಂದೆ ಟ್ರೈಲರು. ಅವನು ಎಲ್ಲವನ್ನೂ ತಂದ ತಂದೆ. ಆರ್ಲೆನ್ ಬರೇ ತಂದೆ.

ಒದ್ದೆಯನ್ನು ಕಂಡ ಗಾರ್ಡನ್ ಟ್ರಕ್ಕಿನಿಂದ ಮಡಿಕೆ ಮುರಿಯದ ಪ್ಯಾಂಟೊಂದನ್ನು ತೆಗೆದ. ಆರ್ಲೆನ್ ಬೇಡ ಅಂದ. ಗಾರ್ಡನ್ ಮತ್ತೆ ಚಾಚಿದ. ಛೆ, ಬಿಡಿ, ಬಿಸಿಲಿಗೆ ಒಣಗುತ್ತೆ ಅಂದ ಆರ್ಲೆನ್. ಮೂರನೆಯ ಸಲ ಚಾಚಿದಾಗ ತೆಗೆದುಕೊಂಡ. ಆ ಸೀಮೆಯಲ್ಲಿ ಕಾಫಿಯಾಗಲಿ ಪ್ಯಾಂಟಾಗಲಿ ಎರಡು ಸಲ ಬೇಡ ಅನ್ನುವುದು ಮರ್ಯಾದೆ, ಮೂರನೆಯ ಸಲವೂ ಬೇಡ ಅನ್ನುವುದು ಅವಮರ್ಯಾದೆ. ಸ್ನಾನದ ಕೋಣೆಯಿಂದ ಹೊರಬಂದಾಗ ಪ್ಯಾಂಟಿನ ಕಾಲು ಅವನ ಬೂಟನ್ನು ನುಂಗಿತ್ತು. ಯಾರ ಮೇಲೆ ಅಸೂಯೆಯೋ ಅವನ ಪ್ಯಾಂಟಿನೊಳಗೇ ನಿಂತು ಅಸೂಯೆಪಡುವುದು ಸುಲಭವಲ್ಲ. ಆರ್ಲೆನ್ ಸಾಧಿಸಿದ.

ಅವನಿಗೆ ನಿಜವಾಗಿ ಭಯವಿದ್ದದ್ದು ಇದೇ ಮೂರನೆಯ ಸಲದ್ದು. ಬೇಸಿಗೆಯಿಡೀ ನಮ್ಮ ಸರೋವರಕ್ಕೆ ಬಂದು ಕುಟೀರ ನೋಡಿಕೋ ಎಂದು ಗಾರ್ಡನ್ ಬ್ರಿಟಾಳನ್ನು ಈಸ್ಟರ್ ಹಬ್ಬದಲ್ಲಿ ಒಮ್ಮೆ ಕೇಳಿದ್ದ, ಫೋನಿನಲ್ಲಿ ಇನ್ನೊಮ್ಮೆ. ಎರಡು ಸಲವೂ ಬೇಡ ಅಂದಿದ್ದಳು. ಆರ್ಲೆನ್ ಅದನ್ನು ಬೇಡ ಎಂದು ಲೆಕ್ಕ ಹಿಡಿದಿರಲಿಲ್ಲ.

ಕೊನೆಯ ಪೆಟ್ಟಿಗೆ ವ್ಯಾನಿಗೆ ಏರಿದಾಗ ಗಾರ್ಡನ್ ಕೈ ಒರೆಸಿಕೊಳ್ಳುತ್ತ ಬಂದ. “ಏನಮ್ಮಾ ಬ್ರಿಟಾ, ಕೊನೇ ಸಲ ಕೇಳ್ತಾ ಇದೀನಿ. ದೋಣಿ ನಿಂದೇ, ಕೋಣೆ ನಿಂದೇ. ಬರ್ತೀಯಾ?”

ಆರ್ಲೆನ್ ಮುಚ್ಚಿದ್ದ ವ್ಯಾನಿನ ಬಾಗಿಲನ್ನು ಮತ್ತೆ ತೆಗೆದು ಮತ್ತೆ ಮುಚ್ಚಿದ.

“ಇಲ್ಲ, ಮನೆಗೇ ಹೋಗ್ತೀನಿ,” ಎಂದಳು ಬ್ರಿಟಾ. ಮೂರನೆಯ ಸಲ. ಹೇಳಿ, ಮುಂದಿನ ಸೀಟಿನಲ್ಲಿ ಕುಳಿತು ಬೆಲ್ಟು ಹಾಕಿಕೊಂಡಳು.

ಆರ್ಲೆನ್‌ಗೆ ಪ್ಯಾಂಟಿನ ಉದ್ದ ಒಮ್ಮೆಲೇ ಸರಿಯಾದಂತೆನಿಸಿತು.

ಅಷ್ಟರಲ್ಲಿ ಹುಡುಗ ಹುಡುಗಿಯರು ತುಂಬಿದ್ದ ಕಾರೊಂದು ಬಂತು. ಟೆಸ್ ಬೆನ್ನಿಗೆ ಚೀಲ ಏರಿಸಿಕೊಂಡು ಹತ್ತಿದಳು. ಅಲಾಸ್ಕಾದಲ್ಲಿ ಮೀನಿನ ಕಾರ್ಖಾನೆಯ ಕೆಲಸವಂತೆ, ಸೆಪ್ಟೆಂಬರಿನವರೆಗೆ. ಅಪ್ಪನಿಗೆ ಕಿಟಕಿಯಿಂದ ಕೈ ಬೀಸಿದಳು. ಗಾರ್ಡನ್ ತಳ್ಳುಗಾಡಿಯ ಹಿಡಿಕೆ ಹಿಡಿದುಕೊಂಡೇ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದ. ಅವನ ಟ್ರೈಲರು ತುಂಬಿತ್ತು; ಪಕ್ಕದ ಸೀಟು ಖಾಲಿ.

“ಮೂರು ಬೇಸಿಗೆಯಾಯ್ತು ಆರ್ಲೆನ್, ನನ್ನ ಮಗಳ ಸಾಮಾನು ಮಾತ್ರ ಮನೆಗೆ ಬರುತ್ತೆ,” ಎಂದ. ಕಣ್ಣು ಬ್ರಿಟಾ ಕುಳಿತಿದ್ದ ಕಡೆಗಿತ್ತು. ಆ ನೋಟವನ್ನು ಆರ್ಲೆನ್ ಗುರುತಿಸಿದ. ವರ್ಷವಿಡೀ ಗಡ್ಡ ಬೋಳಿಸುವಾಗ ಕನ್ನಡಿಯಲ್ಲಿ ಕಂಡಿದ್ದೇ. “ನಾನು ಮಂಚ ಕಟ್ಟಿದೆ, ಕಿಟಕಿ ರಿಪೇರಿ ಮಾಡಿದೆ. ನಿಜ ಹೇಳಿ, ಮಗಳು ತಾನಾಗೇ ಮನೆಗೆ ಬರೋ ಹಾಗೆ ನೀವು ಏನು ಮಾಡಿದ್ರಿ?”

ಆರ್ಲೆನ್ ಎದೆಯುಬ್ಬಿಸಿದ. ವರ್ಷವೆಲ್ಲ ಕಾದಿದ್ದ ಪ್ರಶ್ನೆ. ಬಾಯಿ ತೆರೆದ. ಆದರೆ ತೊಟ್ಟಿದ್ದು ಆ ಮನುಷ್ಯನದೇ ಪ್ಯಾಂಟು.

“ನಮ್ಮ ನಾಯಿಗೆ ವಯಸ್ಸಾಗಿದೆ,” ಎಂದ.