ಒಂದೇ ತೊಟ್ಟಿಯ ಎರಡು ಕಪ್ಪೆ

ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನ ಅಟೆಂಡರನ್ನು ಎಲ್ಲರೂ ಕಪ್ಪೆಯಣ್ಣ ಅಂತಲೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಜಾಡಿ ಒರೆಸುತ್ತ ಸತ್ತ ಕಪ್ಪೆಗಳ ಜೊತೆ ಸಂಸಾರ ಮಾಡಿದವನಿಗೆ ಬೇರೆ ಹೆಸರಾದರೂ ಎಲ್ಲಿಂದ ಬರಬೇಕು? ಹೊಸ ಮೇಷ್ಟ್ರುಗಳು ಪುಸ್ತಕ ತಿರುವಿಹಾಕುವಷ್ಟರಲ್ಲಿ ಅವನು ಹೇಳಿ ಮುಗಿಸಿರುತ್ತಿದ್ದ: "ಬೆರಳ ತುದೀಲಿ ಬಟ್ಟಲು ಥರ ಇದ್ರೆ ಮರಗಪ್ಪೆ. ಚೂಪಾಗಿದ್ದು ಮಧ್ಯೆ ಪೊರೆ ಇದ್ರೆ ಹೊಂಡದ್ದು. ಎರಡೂ ಕಪ್ಪೇನೇ ಸಾರ್, ಆದ್ರೆ ಕುಟುಂಬ ಬೇರೆ. ದಾಯಾದಿಗಳೂ ಅಲ್ಲ."

ಕಾಲೇಜಿನ ಹಿಂದಿನ ಹೊಂಡ ಮುಚ್ಚಿ ವಾಹನ ನಿಲ್ಲಿಸುವ ಜಾಗ ಮಾಡುವುದೆಂದು ತೀರ್ಮಾನವಾಗಿತ್ತು. ಅಲ್ಲಿ ಅಪರೂಪದ ಮರಗಪ್ಪೆ ಜೀವಂತ ಇದೆಯೆಂದು ತೋರಿಸಿದರೆ ಮಾತ್ರ ಕೆಲಸ ನಿಲ್ಲುತ್ತದೆ ಎಂದು ತಪಾಸಣೆಗೆ ಬರಲಿದ್ದ ಅರಣ್ಯ ಇಲಾಖೆಯ ಮೇಡಂ ಫೋನಿನಲ್ಲಿ ಹೇಳಿದ್ದರು. "ಮರಗಪ್ಪೆ, ಹೊಂಡದ ಕಪ್ಪೆ ಎರಡನ್ನೂ ಪಕ್ಕಪಕ್ಕ ಇಡಿ, ಒಂದೇ ಫೋಟೋದಲ್ಲಿ ಬರ್ಲಿ. ಕಮಿಟಿಯವ್ರಿಗೆ ವ್ಯತ್ಯಾಸ ಕಣ್ಣಿಗೆ ಹೊಡೀಬೇಕು." ಒಂಬತ್ತು ದಿನ ಪೊದೆಪೊದೆ ತಡಕಾಡಿದ ಮೇಲೆ ಅವನಿಗೆ ಸಿಕ್ಕಿದ್ದು ಹೆಬ್ಬೆರಳಿನಷ್ಟು ಒಂದೇ ಒಂದು ಮರಗಪ್ಪೆ. ಮುಷ್ಟಿಗಾತ್ರದ ಹೊಂಡದ ಕಪ್ಪೆಗಳಿಗೇನು, ಬೇಕಾದಷ್ಟು.

ಲ್ಯಾಬಿನ ಗಾಜಿನ ತೊಟ್ಟಿಯೊಂದರಲ್ಲಿ ಎರಡು ಜಾತಿಯದನ್ನೂ ಒಂದೊಂದು ಇಟ್ಟ; ನಡುವೆ ಗಾಜಿನ ಅಡ್ಡಗೋಡೆ ಇತ್ತು. ಅದರಲ್ಲಿ ಬೆಳಕು ಹೊಳೆದು ಫೋಟೋ ಕೆಟ್ಟೀತೆಂದು, ಮೇಡಂ ಗೇಟಿಗೆ ಬಂದದ್ದು ಗೊತ್ತಾದ ಕೂಡಲೇ ಅವನು ಅದನ್ನು ಎತ್ತಿಬಿಟ್ಟ. ಎರಡು ನಿಮಿಷದ ಮಾತು ತಾನೇ ಎಂದು ಅವರನ್ನು ಕರೆತರಲು ಓಡಿದ. ಪ್ರಿನ್ಸಿಪಾಲರು ಅವರನ್ನು ಕೂರಿಸಿಕೊಂಡು ಅರ್ಧ ಗಂಟೆ ಕೊರೆದರು. ಹಸಿದ ಕಪ್ಪೆ ಕಪ್ಪೆಯನ್ನೇ ನುಂಗುತ್ತದೆ ಎಂದು ವರ್ಷ ವರ್ಷ ಮಕ್ಕಳಿಗೆ ಹೇಳಿಕೊಟ್ಟವನು ಇವನೇ. ಬಾಗಿಲ ಹೊರಗೆ ಕೈಕಟ್ಟಿ ನಿಂತಿದ್ದಾಗ ಅದು ನೆನಪಾಯಿತು. ಬಿದ್ದೆನೋ ಕೆಟ್ಟೆನೋ ಎಂದು ಲ್ಯಾಬಿಗೆ ಓಡಿದ.

ಹೊಂಡದ ಕಪ್ಪೆಯ ಬಾಯಂಚಿನಲ್ಲಿ ಒಂದು ಪಾದ ಮಾತ್ರ ಹೊರಗಿತ್ತು. ಬೆರಳ ತುದಿಯ ಬಟ್ಟಲುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಎಳೆದು ತೆಗೆದ. ಜೀವ ಇರಲಿಲ್ಲ.

"ಇದೇ, ಅನುಮಾನಾನೇ ಇಲ್ಲ," ಎಂದರು ಹಿಂದೆಯೇ ಬಂದ ಮೇಡಂ. ಆಮೇಲೆ ಗೋಡೆಯುದ್ದಕ್ಕೂ ಇದ್ದ ಜಾಡಿಗಳನ್ನು ನೋಡಿ ನಿಟ್ಟುಸಿರಿಟ್ಟರು. "ಆದ್ರೆ ಸತ್ತದ್ದನ್ನ ತೋರ್ಸಿದ್ರೆ, ನಿಮ್ಮ ಜಾಡಿಯಿಂದ್ಲೇ ತೆಗ್ದಿದ್ದು ಅಂತಾರೆ. ಇನ್ನೊಂದು ಸಿಗುತ್ತಾ?"

"ಇಲ್ಲ ಮೇಡಂ."

ಅಡ್ಡಗೋಡೆ ಎತ್ತಿದ ಕೈಯನ್ನು ಕಡಿದು ಹಾಕಬೇಕೆನಿಸಿತು ಅವನಿಗೆ. ಆದರೂ ಹಟ ಬಿಡದೆ ಮತ್ತೆ ನಾಲ್ಕು ದಿನ ಹುಡುಕಿದ. ಒಂದೂ ಸಿಗಲಿಲ್ಲ.

ಸೋಮವಾರ ಮಣ್ಣಿನ ಲಾರಿಗಳು ಬಂದವು. ಸಂಜೆ ಮಂಕು ಬಡಿದು ಕೂತವನನ್ನು ಕಂಡು ಹೆಂಡತಿಗೆ ತಡೆಯಲಾಗಲಿಲ್ಲ.

"ಹೋಗ್ಲಿ ಬಿಡ್ರೀ, ಒಂದು ಕಪ್ಪೆ ಸತ್ತಿದ್ದಕ್ಕೆ ಇಷ್ಟೊಂದಾ?"

"ಒಂದು ಕಪ್ಪೆಯಲ್ಲ ಕಣೇ," ಎಂದ ಅವನು. "ಇಡೀ ಹೊಂಡಾನ ನನ್ನ ಕೈಯಾರೆ ಮುಚ್ಚಿದೆ."